ಆಪರೇಟರಮ್ಮನ ಫೋನು

ಮೊನ್ನೆ ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಫ್ರಿಜ್ಜನ್ನು ಗೋಡೆಯಿಂದ ಈಚೆಗೆಳೆದು ಅದರ ಬೆನ್ನಿನ ಕಡೆ ಮಂಡಿಯೂರಿ ಕೂತಿದ್ದೆ. ಸುಟ್ಟ ಕಂಪ್ರೆಸರ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಈ ವಾಸನೆಗೆ ನಾನು ಒಗ್ಗಿಹೋದವನು. ನನ್ನ ಅಂಗಿಗಳಿಗೂ ಅದೇ ವಾಸನೆ ಅಂತ ಮನೆಯಲ್ಲಿ ದಿನಾ ಬೈಸಿಕೊಳ್ಳುವವನು. ಕಂಪ್ರೆಸರಿನ ಮೇಲೆ ಧೂಳು ಕಟ್ಟಿಕೊಂಡಿತ್ತು. ಬಟ್ಟೆಯಿಂದ ಒರೆಸಿದಾಗ ಹಳದಿ ತ್ರಿಕೋನದ ಸ್ಟಿಕ್ಕರ್ ಕಾಣಿಸಿತು. ಅದರೊಳಗೆ ಕಪ್ಪು ಬಣ್ಣದಲ್ಲಿ ಬೆಂಕಿಯ ಚಿತ್ರ. ಒಳಗಿರುವ ಗ್ಯಾಸು ಬೆಂಕಿ ಹತ್ತಿಕೊಳ್ಳುವ ಜಾತಿಯದು, ಹುಷಾರು ಅಂತ ಅದರ ಅರ್ಥ.

ಕೈ ಅಲ್ಲೇ ನಿಂತಿತು. ಕಿವಿಯಲ್ಲಿ ಆಪರೇಟರಮ್ಮನ ದನಿ ಕೇಳಿಸಿದ ಹಾಗಾಯಿತು. "ಈಗ ನೀವು ಹೇಳಿ."

ಫ್ರಿಜ್ಜು, ಎ.ಸಿ. ರಿಪೇರಿ ನನ್ನ ಕಸುಬು. ಹಲಸೂರಿನಲ್ಲಿ ಒಂದು ಪುಟ್ಟ ಅಂಗಡಿ ಇದೆ. ಜೀವನ್ ಬಿಮಾ ನಗರದಲ್ಲಿ ವಿಮಾ ಕಚೇರಿಯ ನೌಕರರೊಬ್ಬರ ಮಗನಾಗಿ ಬೆಳೆದು, ಡಿಪ್ಲೊಮಾ ಓದಿ, ಕೊನೆಗೆ ಸ್ಪ್ಯಾನರ್ ಹಿಡಿದೆನಲ್ಲ ಅಂತ ಅಪ್ಪ ಬಹಳ ದಿನ ಮುಖ ಗಂಟು ಹಾಕಿಕೊಂಡಿದ್ದರು. ಬೇಸಿಗೆಯಲ್ಲಿ ನಮ್ಮ ಬೀದಿಯವರೆಲ್ಲ ನನ್ನನ್ನು ಹುಡುಕಿಕೊಂಡು ಮನೆ ಬಾಗಿಲಿಗೆ ಬರತೊಡಗಿದ ಮೇಲೆ ಆ ಗಂಟು ಸ್ವಲ್ಪ ಸಡಿಲವಾಯಿತು. ಅಂಗಡಿ ಇಟ್ಟ ಹೊಸದರಲ್ಲೇ ನಾನು ಮೆಕ್ಯಾನಿಕ್‌ಗಳ ಸಂಘಕ್ಕೆ ಸೇರಿದೆ. ಆಪರೇಟರಮ್ಮ ನನಗೆ ಸಿಕ್ಕಿದ್ದು ಅಲ್ಲಿ.

ನಮ್ಮ ಸಂಘದ ಆಫೀಸು ಶಿವಾಜಿನಗರದಲ್ಲಿತ್ತು. ಕೆಳಗೆ ಹಳೇ ಮೋಟಾರು ಸಾಮಾನಿನ ಅಂಗಡಿಗಳು. ಗ್ರೀಸು ಮೆತ್ತಿದ ಮೆಟ್ಟಿಲು ಹತ್ತಿ ಹೋದರೆ ಒಂದು ಉದ್ದನೆಯ ಕೋಣೆ, ಒಂದಿಷ್ಟು ಕಬ್ಬಿಣದ ಕುರ್ಚಿಗಳು, ಒಂದು ಮೇಜು, ಮೇಜಿನ ಮೇಲೆ ಫೋನು. ಫೋನಿನ ಹಿಂದೆ ಆಪರೇಟರಮ್ಮ, ನಮ್ಮೆಲ್ಲರ ಬಾಯಲ್ಲಿ ಬರೀ ಅಮ್ಮ, ಕೂತಿರುತ್ತಿದ್ದರು. ಹತ್ತಿಯ ಸೀರೆ, ಬಿಗಿಯಾಗಿ ಕಟ್ಟಿದ ತುರುಬು, ಎಡಗಿವಿಯ ಓಲೆಯನ್ನು ಯಾವಾಗಲೂ ಬಿಚ್ಚಿ ಮೇಜಿನ ಮೇಲೆ ಇಟ್ಟಿರುತ್ತಿದ್ದರು. ಅದು ಫೋನಿಗೆ ತಗಲುತ್ತಿತ್ತಂತೆ. ಸಂಜೆ ಮನೆಗೆ ಹೊರಡುವಾಗ ಓಲೆ ಹಾಕಿಕೊಂಡರೆ ಆಫೀಸು ಮುಚ್ಚಿತು ಅಂತ ಲೆಕ್ಕ.

ಅವರ ಮನೆ ಮರ್ಫಿ ಟೌನಿನಲ್ಲಿತ್ತು. ಸಂಘಕ್ಕೆ ಬರುವ ಮುಂಚೆ ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರಂತೆ. ಕರೆಗಳನ್ನು ಜೋಡಿಸುವ ಬೋರ್ಡು ತೆಗೆದುಹಾಕಿ ಎಲ್ಲ ಟೇಬಲ್ಲಿಗೂ ನೇರ ಫೋನು ಬಂದ ಮೇಲೆ ಅಲ್ಲಿಂದ ಹೊರಗೆ ಬಂದರು. ಮನೆಯ ಮಾತು ತಮಿಳು. ಕನ್ನಡ, ಉರ್ದು, ಇಂಗ್ಲಿಷು ಎಲ್ಲವನ್ನೂ ಆ ಬೋರ್ಡಿನ ಮುಂದೆ ಕೂತೇ ಕಲಿತದ್ದು. ಅಷ್ಟು ಭಾಷೆಯಲ್ಲೂ ಅವರಿಗೆ ಏಕವಚನ ಮಾತ್ರ ಬರುತ್ತಿರಲಿಲ್ಲ. ಮೊನ್ನೆ ಮೊನ್ನೆ ಮೀಸೆ ಚಿಗುರಿದ ಹುಡುಗನಿಗೂ "ಹೇಳಿ ಸರ್" ಅನ್ನುತ್ತಿದ್ದರು.

ಅವರ ಕೆಲಸ ಸಂಘದ ಸುದ್ದಿಯನ್ನು ಸದಸ್ಯರಿಗೆ ತಲುಪಿಸುವುದು. ಮುಂದಿನ ಭಾನುವಾರ ಪಾಠ ಇದೆ, ಇಂಥ ಕಂಪನಿಯ ಕಂಪ್ರೆಸರಿನಲ್ಲಿ ದೋಷ ಇದೆಯಂತೆ, ಲೈಸೆನ್ಸಿಗೆ ಹೊಸ ನಿಯಮ ಬಂದಿದೆ, ಹೀಗೆ. ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದರು. ಹೇಳಿ ಮುಗಿಸಿ ಫೋನು ಇಟ್ಟಿದ್ದರೆ ಅವರನ್ನು ನಾನು ಇಷ್ಟು ನೆನೆಯುತ್ತಿರಲಿಲ್ಲವೋ ಏನೋ. ಹೇಳಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು, "ಈಗ ನೀವು ಹೇಳಿ" ಅನ್ನುತ್ತಿದ್ದರು. ನಾವು ಅದನ್ನು ನಮ್ಮ ಬಾಯಲ್ಲಿ ತಿರುಗಿ ಹೇಳಬೇಕು. ತಪ್ಪಿದರೆ ಮತ್ತೆ ಮೊದಲಿಂದ. ಸರಿಯಾಗಿ ಹೇಳಿದರೆ, "ಸರಿ. ಇಡ್ತೀನಿ." ಅಷ್ಟೇ. ಕ್ಷೇಮ ಸಮಾಚಾರ, ಊಟ ಆಯ್ತಾ, ಅಂಥದ್ದು ಯಾವುದೂ ಇಲ್ಲ.

ಬಿಸಿಲಲ್ಲಿ ತಾರಸಿಯ ಮೇಲೆ ಎ.ಸಿ.ಯ ಡಬ್ಬ ಬಿಚ್ಚಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ನಿಂತವನಿಗೆ ಈ ಪಾಠ ಒಪ್ಪಿಸುವ ಕೆಲಸ ಎಷ್ಟು ಉರಿ ಬರಿಸುತ್ತಿತ್ತು ಅಂತ ನನಗೆ ಗೊತ್ತು. ನಾವೆಲ್ಲ ಬೆನ್ನ ಹಿಂದೆ ಅವರನ್ನು ಆಡಿಕೊಳ್ಳುತ್ತಿದ್ದೆವು. ಚಹಾ ಕುಡಿಯುವಾಗ ಒಬ್ಬ ಇನ್ನೊಬ್ಬನಿಗೆ "ಎರಡು ಬನ್ನು, ಒಂದು ಟೀ. ಈಗ ನೀವು ಹೇಳಿ ಗುರು" ಅಂತ ಅಣಕಿಸುತ್ತಿದ್ದ. ಅಮ್ಮನಿಗೆ ಅದೂ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟವರಲ್ಲ.

ಯಾಕಮ್ಮ ಹೀಗೆ ಗೋಳು ಹೊಯ್ಕೊಳ್ತೀರಿ ಅಂತ ಒಮ್ಮೆ ಕೇಳಿಯೇ ಬಿಟ್ಟೆ. ಅವರು ಕನ್ನಡಕ ಒರೆಸುತ್ತ ಹೇಳಿದರು: "ಫ್ಯಾಕ್ಟರೀಲಿ ಯಾರ್ಗಾದ್ರೂ ಏಟು ಬಿದ್ರೆ ಆಂಬುಲೆನ್ಸ್‌ಗೆ ನಾನೇ ಫೋನ್ ಮಾಡ್ಬೇಕಿತ್ತು ಸರ್. ಅಷ್ಟು ದೊಡ್ಡ ಜಾಗ, ಎಷ್ಟೊಂದು ಗೇಟು. ಯಾವ ಗೇಟಿಗೆ ಬರ್ಬೇಕು ಅಂತ ಅವ್ರ ಬಾಯಲ್ಲೇ ಹೇಳಿಸ್ದೆ ಫೋನ್ ಇಡೋ ಹಾಗಿರ್ಲಿಲ್ಲ. ಆ ಅಭ್ಯಾಸ ಹೋಗಲ್ಲ."

ಭಾನುವಾರದ ಪಾಠಗಳಲ್ಲೂ ಅವರದ್ದೇ ದರ್ಬಾರು. ತಿಂಗಳಿಗೊಮ್ಮೆ ಆ ಉದ್ದನೆಯ ಕೋಣೆಯಲ್ಲಿ ಯಾರಾದರೂ ಬಂದು ಹೊಸ ಯಂತ್ರವನ್ನು ಬಿಚ್ಚಿ ತೋರಿಸುತ್ತಿದ್ದರು. ಕಂಪನಿಯ ಎಂಜಿನಿಯರು ಇಂಗ್ಲಿಷಿನಲ್ಲಿ ಓಡತೊಡಗಿದರೆ ಅಮ್ಮ ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದರು. ಅವನು ಹೇಳಿದ್ದನ್ನು ಕನ್ನಡದಲ್ಲಿ ಒಂದು ಸಲ, ತಮಿಳಿನಲ್ಲಿ ಒಂದು ಸಲ, ನಮ್ಮ ಶಿವಾಜಿನಗರದ ಹುಡುಗರ ಉರ್ದುವಿನಲ್ಲಿ ಒಂದು ಸಲ ಹೇಳುತ್ತಿದ್ದರು. ಅವರಿಗೆ ಯಂತ್ರದ ವಿಷಯ ಏನೂ ಗೊತ್ತಿರಲಿಲ್ಲ. ಅವರ ಮನೆಯ ಫ್ರಿಜ್ಜು ಕೆಟ್ಟರೆ ನಾನೇ ಹೋಗಬೇಕಿತ್ತು. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಅಂತ ಎಂಜಿನಿಯರಿಗೆ ಹೇಳುವ ಧೈರ್ಯ ಮಾತ್ರ ಅವರಿಗಿತ್ತು, ನಮಗೆ ಇರಲಿಲ್ಲ. ಪಾಠ ಮುಗಿದ ಮೇಲೆ ಹಿಂದಿನ ಸಾಲಿಗೆ ಬಂದು ಒಬ್ಬನ ಮುಂದೆ ನಿಂತು "ಈಗ ನೀವು ಹೇಳಿ" ಅನ್ನುವರು. ಅದಕ್ಕೇ ನಾವೆಲ್ಲ ಕಂಬದ ಮರೆಯ ಕುರ್ಚಿಗೆ ಜಗಳವಾಡುತ್ತಿದ್ದೆವು.

ಆ ಕುರ್ಚಿ ಬೇಡ ಅಂದವನು ಒಬ್ಬನೇ. ರಾಯಚೂರಿನ ಕಡೆಯವನು. ಕೆ.ಆರ್. ಪುರದ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ಹೆಂಡತಿ, ಪುಟ್ಟ ಮಗಳೊಂದಿಗೆ ಇದ್ದ. ಊರಲ್ಲಿ ಎಂಟನೆಯ ತರಗತಿಯವರೆಗೆ ಓದಿ, ಇಲ್ಲಿ ಬಂದು ಯಾರದೋ ಅಂಗಡಿಯಲ್ಲಿ ಕೆಲಸ ಕಲಿತು, ಈಗ ಸ್ವಂತಕ್ಕೆ ಮಾಡುತ್ತಿದ್ದ. ಒಳ್ಳೆಯ ಕೆಲಸಗಾರ. ಮುಂದಿನ ಸಾಲಿನಲ್ಲಿ ಕೂತು, ಅಮ್ಮ ಕೇಳುವ ಮೊದಲೇ ಬಾಯಲ್ಲಿ ಮಣಮಣ ಅಂತ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ನಮಗೆ ಅವನ ಮೇಲೂ ಸಿಟ್ಟು; ತರಗತಿಯ ಜಾಣ ಹುಡುಗನ ಮೇಲೆ ಇರುತ್ತದಲ್ಲ, ಅಂಥದ್ದು.

ಒಂದು ಸಲ ನನ್ನ ಅಂಗಡಿಯಲ್ಲಿ ಕೂತಿದ್ದಾಗ ಅವನಿಗೆ ಅಮ್ಮನ ಫೋನು ಬಂತು. ಎದ್ದು ನಿಂತು ಮಾತಾಡಿದ. ಎದ್ದೇಕೆ ನಿಂತೆ ಮಾರಾಯ, ಅವರೇನು ನಿನಗೆ ಕಾಣ್ತಾರಾ ಅಂತ ರೇಗಿಸಿದೆ. ಅವನು ನಾಚಿಕೊಂಡು, "ಈ ಊರಾಗ ನನಗ ನೀವು ಅಂದವ್ರು ಅವ್ರೊಬ್ರೇ ನೋಡ್ರಿ ಅಣ್ಣಾ" ಅಂದ. ಆಮೇಲೆ ನಾನು ಅವನನ್ನು ರೇಗಿಸಲಿಲ್ಲ.

ಕೊರೋನಾ ಬಂದು ಹೋದ ಮೇಲೆ ಸಂಘಕ್ಕೆ ಹೊಸ ಅಧ್ಯಕ್ಷರು ಬಂದರು. ದೊಡ್ಡ ಎ.ಸಿ. ವ್ಯಾಪಾರಿ. ಕೆಟ್ಟ ಮನುಷ್ಯನಲ್ಲ, ನಿಜ ಹೇಳಬೇಕೆಂದರೆ ಸಂಘವನ್ನು ಮೇಲೆತ್ತಬೇಕೆಂಬ ಹಂಬಲ ಅವರಷ್ಟು ಯಾರಿಗೂ ಇರಲಿಲ್ಲ. ಗ್ರೀಸು ಮೆತ್ತಿದ ಮೆಟ್ಟಿಲು ಅವರಿಗೆ ಮುಜುಗರ ತರುತ್ತಿತ್ತು. ಪಾಠಗಳು ಹೋಟೆಲಿನ ಸಭಾಂಗಣಕ್ಕೆ ಹೋದವು. ಕಂಪನಿಯವರೇ ಊಟ ಹಾಕಿಸತೊಡಗಿದರು. ಬಂದವರಿಗೆಲ್ಲ ಹೊಳೆಯುವ ಸರ್ಟಿಫಿಕೇಟು, ಸಾಲಾಗಿ ನಿಂತು ಫೋಟೋ. ವಾಟ್ಸಾಪಿನಲ್ಲಿ ಎಲ್ಲ ಸದಸ್ಯರ ಗುಂಪು ಶುರುವಾಯಿತು. ಬೆಳಗ್ಗೆ ಎದ್ದರೆ ಹೂವು, ದೇವರು, ಯಾರದೋ ಹುಟ್ಟುಹಬ್ಬ, ಹಳೇ ಕಂಡೆನ್ಸರ್ ಮಾರಾಟಕ್ಕಿದೆ, ಇಂಥವೆಲ್ಲ ಅದರಲ್ಲಿ ರಾಶಿ ಬಿದ್ದಿರುತ್ತಿದ್ದವು.

ಒಂದು ದಿನ ಆಫೀಸಿನಲ್ಲಿ ಅಧ್ಯಕ್ಷರು ಅಮ್ಮನ ಜೊತೆ ಮಾತಾಡುವಾಗ ನಾನೂ ಅಲ್ಲಿದ್ದೆ. "ಒಂದು ಸಲ ಒತ್ತಿದ್ರೆ ಎಲ್ಲಾರ್ಗೂ ಹೋಗತ್ತೆ. ಈ ವಯಸ್ಸಲ್ಲಿ ನೀವ್ಯಾಕಮ್ಮ ಒಬ್ಬೊಬ್ರಿಗೂ ಫೋನ್ ಮಾಡ್ಕೊಂಡು ಒದ್ದಾಡ್ಬೇಕು? ಆರಾಮಾಗಿರಿ" ಅಂದರು ಅಧ್ಯಕ್ಷರು. ಅಮ್ಮ ವಾದ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕರು. "ಒಳ್ಳೇದೇ ಅಲ್ವಾ ಸರ್. ನನ್ನ ಕಿವಿಗೂ ರೆಸ್ಟು" ಅಂದರು. ಆಮೇಲೆ ಒಂದೇ ಒಂದು ಮಾತು ಕೇಳಿದರು.

"ಅದ್ರಲ್ಲಿ ಅವ್ರು ತಿರುಗಿ ಹೇಳೋದು ಹೆಂಗೆ?"

"ಹೆಬ್ಬೆಟ್ಟು ಹಾಕ್ತಾರಲ್ಲಮ್ಮ" ಅಂದರು ಅಧ್ಯಕ್ಷರು, ಫೋನಿನಲ್ಲಿ ಹಳದಿ ಹೆಬ್ಬೆರಳಿನ ಚಿತ್ರ ತೋರಿಸುತ್ತ. ಅಮ್ಮ ಆ ಚಿತ್ರವನ್ನು ಕನ್ನಡಕದೊಳಗಿಂದ ಸ್ವಲ್ಪ ಹೊತ್ತು ನೋಡಿದರು. 

ಅವರ ಬೀಳ್ಕೊಡುಗೆಯೂ ಹೋಟೆಲಿನಲ್ಲೇ ಆಯಿತು. ಅವತ್ತೇ ಹೊಸ ಗ್ಯಾಸಿನ ಮೇಲೆ ಪಾಠವೂ ಇತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಮೊದಲಿಂದ ಕಲಿತು ಬಂದ ಹಳೇ ಗ್ಯಾಸಿಗೆ ಬೆಂಕಿ ಹತ್ತುತ್ತಿರಲಿಲ್ಲ. ಪೈಪಿನ ಬೆಸುಗೆ ಬಿಡಿಸಬೇಕಾದರೆ ಗ್ಯಾಸನ್ನು ಅಲ್ಲೇ ಕೋಣೆಯಲ್ಲೇ ಬುಸ್ ಅಂತ ಬಿಟ್ಟು, ಬೆಂಕಿಯ ಟಾರ್ಚು ಹಚ್ಚಿ ಕಾಯಿಸಿ ಬಿಡಿಸುತ್ತಿದ್ದೆವು. ನಮ್ಮ ಗುರುಗಳೂ ಹಾಗೇ ಮಾಡಿದ್ದರು. ಹೊಸ ಫ್ರಿಜ್ಜು, ಫ್ರೀಜರುಗಳಲ್ಲಿ ಬಂದಿರುವ ಗ್ಯಾಸು ಅಡುಗೆ ಗ್ಯಾಸಿನ ಅಣ್ಣತಮ್ಮ. ಅದಕ್ಕೆ ಆ ಕೆಟ್ಟ ವಾಸನೆಯೂ ಇಲ್ಲ. ಗಾಳಿಗಿಂತ ಭಾರ, ನೆಲದ ಮೇಲೆ ನೀರಿನ ಹಾಗೆ ಹರಡಿಕೊಂಡು ಕೂತಿರುತ್ತದೆ.

ಅವತ್ತು ಬಂದ ಎಂಜಿನಿಯರು ಪರದೆಯ ಮೇಲೆ ಚಿತ್ರ ಓಡಿಸುತ್ತ ಇಂಗ್ಲಿಷಿನಲ್ಲಿ ಇದನ್ನೆಲ್ಲ ಹೇಳಿದ. ಬಿಳಿ ಬಟ್ಟೆ ಹೊದಿಸಿದ ಮೇಜುಗಳ ಕಡೆಯಿಂದ ಬಿರಿಯಾನಿಯ ಪರಿಮಳ ಬರುತ್ತಿತ್ತು. ಯಾರೂ ಅವನನ್ನು ಕೈ ಅಡ್ಡ ಹಿಡಿದು ನಿಲ್ಲಿಸಲಿಲ್ಲ. ಅಮ್ಮ ವೇದಿಕೆಯ ಮೇಲೆ, ಅಲಂಕಾರದ ಕುರ್ಚಿಯಲ್ಲಿ ಕೂತಿದ್ದರು. ಎರಡು ಕಿವಿಗೂ ಓಲೆ ಇತ್ತು. ಒಂದೆರಡು ಸಲ ಏಳಲು ಹೋದವರ ಹಾಗೆ ಸೀರೆಯ ಸೆರಗು ಸರಿಮಾಡಿಕೊಂಡದ್ದು ನನಗೆ ನೆನಪಿದೆ. ಸನ್ಮಾನಕ್ಕೆ ಕೂತವರು ಹಾಗೆ ಎದ್ದು ಬರುವುದು ಚೆನ್ನಾಗಿರುವುದಿಲ್ಲವಲ್ಲ...

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆ ಫೋಟೋ ಸಂಜೆ ಗುಂಪಿನಲ್ಲಿ ಬಂತು. ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಅಮ್ಮ ನಿವೃತ್ತರಾದರು, ಇನ್ನು ಮುಂದೆ ಎಲ್ಲ ಸೂಚನೆಗಳೂ ಇಲ್ಲೇ ಬರುತ್ತವೆ ಅಂತ. ಅದರ ಹಿಂದೆಯೇ ಹೊಸ ಗ್ಯಾಸಿನ ಬಗ್ಗೆ ಪುಟಗಟ್ಟಲೆ ಇಂಗ್ಲಿಷ್ ಪಿ.ಡಿ.ಎಫ್. ಎರಡಕ್ಕೂ ಹೆಬ್ಬೆಟ್ಟುಗಳ ಸುರಿಮಳೆ. ರಾಯಚೂರಿನವನು ಆ ಭಾನುವಾರ ಕೆಲಸವಿತ್ತೆಂದು ಹೋಟೆಲಿಗೆ ಬಂದಿರಲಿಲ್ಲ. ಅವನ ಹೆಬ್ಬೆಟ್ಟೂ ಎರಡರ ಕೆಳಗೂ ಇತ್ತು.

ಆಮೇಲೆ ಒಂದೆರಡು ತಿಂಗಳಿಗೆ ಆದದ್ದು ಇದು. ಪುಲಿಕೇಶಿನಗರದಲ್ಲಿ ಒಂದು ಐಸ್‌ಕ್ರೀಮ್ ಅಂಗಡಿಯ ಫ್ರೀಜರ್ ಕೆಟ್ಟಿತ್ತು. ಅಂಗಡಿಯ ಹಿಂದಿನ ಕೋಣೆ, ಕಿಟಕಿಯಿಲ್ಲ, ಬಿಸಿಲು ಬರುತ್ತದೆಂದು ಬಾಗಿಲೂ ಮುಚ್ಚಿತ್ತು. ರಾಯಚೂರಿನವನು ಯಾವತ್ತಿನಂತೆ ಪೈಪು ಬಿಚ್ಚಿ ಗ್ಯಾಸು ಬಿಟ್ಟ. ಯಾವತ್ತಿನಂತೆ ನೆಲದ ಮೇಲೆ ಕೂತು ಟಾರ್ಚು ಹಚ್ಚಿದ. ಕೈ, ಎದೆ, ಮುಖದ ಒಂದು ಭಾಗ ಸುಟ್ಟಿತು. ಅಂಗಡಿಯವರು ಗೋಣಿಚೀಲ ಸುತ್ತಿ ಹೊರಗೆಳೆದರಂತೆ.

ನನಗೆ ಸುದ್ದಿ ಬಂದ ಕೂಡಲೇ ಆಪರೇಟರಮ್ಮನ ಮನೆಗೆ ಹೋಗಿ ಅವರನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಎರಡು ದಿನ ಒಳಗೆ ಬಿಡಲಿಲ್ಲ. ಬಿಟ್ಟಾಗ ಅವನು ಬ್ಯಾಂಡೇಜು ಸುತ್ತಿದ ಎರಡೂ ಕೈಗಳನ್ನು ದಿಂಬಿನ ಮೇಲೆ ಇಟ್ಟುಕೊಂಡು ಮಲಗಿದ್ದ. ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ಅಮ್ಮನನ್ನು ನೋಡಿ ಏಳಲು ಹೋದ. ಅಮ್ಮ ಭುಜ ಒತ್ತಿ ಮಲಗಿಸಿ ಸ್ಟೂಲಿನ ಮೇಲೆ ಕೂತರು.

ಅವನೇ ಮಾತಾಡಿದ. ತುಟಿ ಊದಿತ್ತು, ಮೆಲ್ಲಗೆ ಹೇಳಿದ.

"ಗ್ರೂಪಿನ್ಯಾಗ ಏನೋ ಬಂದಿತ್ರಿ ಅಮ್ಮಾರೆ. ದಿನಾ ಬರ್ತಾವಲ್ಲ, ಅಂಥಾದ್ದೇ ಅಂದ್ಕೊಂಡ್ನಿ. ಬೇಕಾದ ಮಾತಿದ್ರ ನೀವು ಫೋನ್ ಹಚ್ಚೇ ಹಚ್ತೀರಿ ಅಂತ ಸುಮ್ನಿದ್ನಿ. ನೀವು ಹಚ್ಲಿಲ್ಲಲ್ರಿ."

ದೂರುವ ದನಿಯಲ್ಲ ಅದು. ನಡೆದದ್ದನ್ನು ಹೇಳಿದ, ಅಷ್ಟೇ. ನಾನೇ ಮಧ್ಯೆ ಬಾಯಿ ಹಾಕಿ, ಅಮ್ಮ ಕೆಲಸ ಬಿಟ್ಟು ಆಗಲೇ ಬಹಳ ದಿನ ಆಯ್ತಲ್ಲ, ಶಾಲು ಹೊದಿಸಿದ ಫೋಟೋ ನೀನು ನೋಡಲಿಲ್ವಾ ಅಂದೆ.

"ನೋಡೀನ್ರಿ. ಅಮ್ಮಾರಿಗೆ ಸನ್ಮಾನ ಆತು ಅಂತ ಖುಷಿಪಟ್ಟಿದ್ನಿ" ಅಂದ.

ವಾರ್ಡಿನ ಹೊರಗೆ ಬಂದು ಅಮ್ಮ ಬೆಂಚಿನ ಮೇಲೆ ಕುಸಿದು ಕೂತರು. ನಾನು ನೀರು ತಂದೆ, ಕುಡಿಯಲಿಲ್ಲ. "ನಾನು ಬಿಟ್ಟಿದ್ದು ಅವ್ರಿಗೆ ಯಾರೂ ಬಾಯ್ಬಿಟ್ಟು ಹೇಳ್ಲಿಲ್ವಾ?" ಅಂತ ಕೇಳಿದರು. ಗುಂಪಲ್ಲಿ ಹಾಕಿದ್ದರಮ್ಮ ಅಂದೆ. ಅವರು ತಲೆಯಾಡಿಸಿದರು. ನನಗೆ ಆವತ್ತು ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಅಧ್ಯಕ್ಷರು ಸುದ್ದಿ ಕಳಿಸಿದ್ದರು, ಸುಳ್ಳಲ್ಲ. ಅವನು ಹೆಬ್ಬೆಟ್ಟು ಒತ್ತಿದ್ದ; ಅದೂ ಸುಳ್ಳಲ್ಲ. ವರ್ಷಗಟ್ಟಲೆ ಒಬ್ಬರ ಫೋನಿಗೆ ಒಗ್ಗಿಕೊಂಡಿದ್ದ ಜನಕ್ಕೆ, ಆ ಫೋನು ಬರದಿದ್ದರೆ ಎಲ್ಲ ಸರಿಯಿದೆ ಅಂತಲೇ ಅರ್ಥ. ಇದು ನಮ್ಮಲ್ಲಿ ಒಬ್ಬರ ತಲೆಗೂ ಹೋಗಿರಲಿಲ್ಲ. ಸಂಘ ಕಟ್ಟುವುದು, ಸಭಾಂಗಣ ಹಿಡಿಯುವುದು, ಊಟ ಹಾಕಿಸುವುದು ಎಲ್ಲ ಸುಲಭ. ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿರುವ ಸದಸ್ಯನೊಬ್ಬನ ಕಿವಿಯವರೆಗೆ ಹೋಗಿ ಮುಟ್ಟುವುದು ಕಷ್ಟ. ಆ ಕಷ್ಟದ ಕೆಲಸವನ್ನು ಮಾಡುತ್ತಿದ್ದವರಿಗೆ ಶಾಲು ಹೊದಿಸಿ ಮನೆಗೆ ಕಳಿಸಿದೆವು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅವನ ಜೀವ ಉಳಿಯಿತು. ಕೈಗಳೂ ಉಳಿದವು ಅಂತ ಡಾಕ್ಟರು ಹೇಳಿದರು. ಆದರೆ ಬೆರಳುಗಳು ಮಡಿಚಿಕೊಂಡು ಹೋಗಿ, ಸ್ಪ್ಯಾನರ್ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಹೆಂಡತಿ, ಮಗಳನ್ನು ಕರೆದುಕೊಂಡು ಊರಿಗೆ ಹೋದ. ಅಲ್ಲಿ ಅಣ್ಣನ ಕಿರಾಣಿ ಅಂಗಡಿಯಲ್ಲಿ ಕೂರುತ್ತಾನೆ. ಬೆಂಗಳೂರಿನಲ್ಲಿ ಅವನಷ್ಟು ಚೊಕ್ಕವಾಗಿ ಬೆಸುಗೆ ಹಾಕುವವರನ್ನು ನಾನು ಆಮೇಲೆ ಕಂಡಿಲ್ಲ.

ಸಂಘದಲ್ಲಿ ಸಭೆಯಾಯಿತು, ಎಲ್ಲರೂ ಮರುಗಿದರು. ಮುಖ್ಯವಾದ ಸೂಚನೆಗಳಿಗೆ ಕೆಂಪು ಗುರುತು ಹಾಕಬೇಕು ಅಂತ ತೀರ್ಮಾನವಾಯಿತು. ಒಂದು ತಿಂಗಳಲ್ಲಿ ಹುಟ್ಟುಹಬ್ಬಕ್ಕೂ ಕೆಂಪು ಗುರುತು, ಹಳೇ ಕಂಡೆನ್ಸರಿಗೂ ಕೆಂಪು ಗುರುತು. ಭಾನುವಾರದ ಪಾಠವನ್ನು ಮತ್ತೆ ಹಳೇ ಕೋಣೆಯಲ್ಲಿ, ನಮ್ಮ ಭಾಷೆಗಳಲ್ಲಿ ನಡೆಸೋಣ ಅಂದೆ. ಎರಡು ಮೂರು ಸಲ ನಡೆಯಿತು. ಕರೆಯುವವರಿಲ್ಲದೆ ಜನ ಕಡಿಮೆಯಾಗುತ್ತ ಬಂದು ನಿಂತುಹೋಯಿತು...

ಅಮ್ಮ ಮಾತ್ರ ಯಾರನ್ನೂ ಕೇಳಲಿಲ್ಲ. ಅವನನ್ನು ನೋಡಿ ಆಸ್ಪತ್ರೆಯಿಂದ ಬಂದ ಮರುದಿನವೇ ನನ್ನನ್ನು ಕರೆಸಿ ಹೊಸ ಗ್ಯಾಸಿನ ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡರು. ಅಷ್ಟುದ್ದ ಯಾರೂ ನೆನಪಿಡುವುದಿಲ್ಲ ಅಂತ ಅದನ್ನು ಕಡಿದು ಕಡಿದು ಬಾಯಿಪಾಠಕ್ಕೆ ಬರುವ ಹಾಗೆ ಮಾಡಿಕೊಂಡರು. ಸ್ಟಿಕ್ಕರ್ ನೋಡ್ಬೇಕು. ಕಿಟಕಿ, ಬಾಗಿಲು ತೆಗೀಬೇಕು. ಗ್ಯಾಸನ್ನ ಪೈಪ್ ಹಾಕಿ ಹೊರಗೆ ಬಿಡ್ಬೇಕು. ಕೊಳವೆನ ಕಟರಲ್ಲೇ ಕತ್ತರಿಸ್ಬೇಕು. ಬೆಂಕಿ ಕೊನೇಗೆ. ಇಷ್ಟೇ. ಮನೆಯಲ್ಲಿ ಕೂತು, ಎಡಗಿವಿಯ ಓಲೆ ಬಿಚ್ಚಿಟ್ಟು, ಸದಸ್ಯರಿಗೆಲ್ಲ ಫೋನು ಮಾಡತೊಡಗಿದರು.

ಬಿಡುವಾದಾಗ ನಾನು ಹೋಗಿ ಕೂರುತ್ತಿದ್ದೆ. ಮರ್ಫಿ ಟೌನಿನ ಆ ಓಣಿಯಲ್ಲಿ ಎದುರು ಮನೆಯ ಟಿ.ವಿ., ಕುಕ್ಕರಿನ ಸೀಟಿ, ಮಕ್ಕಳ ಗಲಾಟೆ ಎಲ್ಲ ಒಟ್ಟಿಗೆ ಒಳಗೆ ಬರುತ್ತಿದ್ದವು. ಅಮ್ಮ ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಮಾತಾಡುವರು. ಎಷ್ಟೋ ಜನ ಸಿಡುಕುತ್ತಿದ್ದರು. "ಅಮ್ಮ, ಅದು ಗ್ರೂಪಲ್ಲಿ ಬಂದಿದೆ, ಬಿಡಿ" ಅನ್ನುತ್ತಿದ್ದರು. "ಬಂದಿದೆ ಅಲ್ವಾ ಸರ್? ಹಾಗಾದ್ರೆ ಹೇಳಿ" ಅನ್ನುವರು ಅಮ್ಮ. ಆ ಕಡೆ ಸದ್ದಿರುತ್ತಿರಲಿಲ್ಲ. ಆಗ ಅವರು ಮೊದಲಿಂದ ಶುರುಮಾಡುತ್ತಿದ್ದರು. ಒಬ್ಬ ಕೂಗಾಡಿ ಫೋನು ಕುಕ್ಕಿದ್ದನ್ನು ನಾನೇ ಕೇಳಿಸಿಕೊಂಡೆ. ಅಮ್ಮ ನೀರು ಕುಡಿದು ಮತ್ತೆ ಅವನಿಗೇ ಫೋನು ಮಾಡಿದರು.

ಎಲ್ಲ ಮುಗಿದ ಮೇಲೆ ಕೊನೆಯ ಫೋನು ರಾಯಚೂರಿಗೆ. ಅದನ್ನು ನೋಡಿದಾಗ ನನಗೆ ಆಶ್ಚರ್ಯವಾಯಿತು. ಅವನಿಗೂ ಅದನ್ನೇ ಹೇಳಿದರು, ಒಂದೂ ಬಿಡದೆ. ಅವನಿಗೆ ಇನ್ನು ಫ್ರಿಜ್ಜೂ ಇಲ್ಲ, ಬೆಂಕಿಯೂ ಇಲ್ಲ. ಆದರೂ ಆ ಕಡೆಯಿಂದ ಅವನು ಶಾಲೆಯ ಹುಡುಗನ ಹಾಗೆ ತಿರುಗಿ ಹೇಳಿದ, ಸ್ಟಿಕ್ಕರಿನಿಂದ ಹಿಡಿದು ಬೆಂಕಿಯವರೆಗೆ. "ಸರಿ. ಇಡ್ತೀನಿ" ಅಂದರು ಅಮ್ಮ. ಫೋನು ಕೆಳಗಿಟ್ಟು ಓಲೆ ಹಾಕಿಕೊಂಡರು. ಅವನಿಗ್ಯಾಕಮ್ಮ ಅಂತ ಕೇಳಬೇಕೆನಿಸಿತು. ಕೇಳದೆ ಎದ್ದು ಬಂದೆ. ಆ ಫೋನು ವಾರಕ್ಕೊಮ್ಮೆ ಹೋಗುತ್ತಿತ್ತು ಅಂತ ಆಮೇಲೆ ತಿಳಿಯಿತು.

ಹೀಗೆ ಎರಡು ವರ್ಷ ನಡೆಯಿತು. ಹೊಸದಾಗಿ ಸೇರಿದವರ ನಂಬರನ್ನು ನನ್ನಿಂದ ಕೇಳಿ ಪಡೆಯುತ್ತಿದ್ದರು. ಆ ಎರಡು ವರ್ಷಗಳಲ್ಲಿ ನಮ್ಮವರಲ್ಲಿ ಯಾರಿಗೂ ಬೆಂಕಿ ತಗಲಲಿಲ್ಲ. ಅದು ಅಮ್ಮನ ಫೋನಿನಿಂದಲೇ ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಹೇಳಬೇಕು ಅಂತ ಆಸೆ ಮಾತ್ರ ಇದೆ.

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಬಚ್ಚಲಲ್ಲಿ ಬಿದ್ದದ್ದೇ ನೆಪ, ಹಾಸಿಗೆ ಹಿಡಿದು ಬೇಗ ಹೋಗಿಬಿಟ್ಟರು. ನಾನು ಆ ದಿನ ಬೆಳಗ್ಗೆಯಿಂದ ಒಂದು ಆಫೀಸಿನ ತಾರಸಿಯ ಮೇಲೆ ಎ.ಸಿ. ಕೂರಿಸುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಕೂತು ಫೋನು ನೋಡಿದಾಗ ಗುಂಪಿನಲ್ಲಿ ಸುದ್ದಿ ಇತ್ತು. ಮೇಲೆ ಯಾರದೋ ಮದುವೆ ವಾರ್ಷಿಕೋತ್ಸವ, ಕೆಳಗೆ ತಾಮ್ರದ ಪೈಪು ರಿಯಾಯಿತಿಯಲ್ಲಿ ಸಿಗುತ್ತದೆ ಅಂತ. ನಡುವೆ ಅಮ್ಮ, ಅದೇ ಶಾಲಿನ ಫೋಟೋದಲ್ಲಿ. ಬಂದು ಆಗಲೇ ಮೂರು ತಾಸಾಗಿತ್ತು. ಕೈ ಮುಗಿದ ಚಿತ್ರಗಳು ಸಾಲುಗಟ್ಟಿದ್ದವು. ನಡುನಡುವೆ ಹೆಬ್ಬೆಟ್ಟುಗಳೂ ಇದ್ದವು. ಊಟದ ಡಬ್ಬಿ ಮುಚ್ಚಿಟ್ಟೆ. ಅಳು ಬಂತು, ಅತ್ತೆ.

ಆಮೇಲೆ ಒಬ್ಬೊಬ್ಬರಿಗೂ ನಾನೇ ಫೋನು ಮಾಡಿದೆ. ಮೊದಲು ರಾಯಚೂರಿಗೆ. ಅಮ್ಮ ಬೆಳಗ್ಗೆ ಹೋಗಿಬಿಟ್ರು, ಮಣ್ಣು ಸಾಯಂಕಾಲ, ಕಲ್ಪಳ್ಳಿಯಲ್ಲಿ, ನೀನು ಅಷ್ಟು ದೂರದಿಂದ ಬರೋದು ಬೇಡ ಅಂದೆ.

ಆ ಕಡೆ ಅಂಗಡಿಯಲ್ಲಿ ಯಾರೋ ಸಕ್ಕರೆ ಕೇಳುತ್ತಿದ್ದರು. ಆಮೇಲೆ ಅವನ ದನಿ ಬಂತು. ಮೆಲ್ಲಗೆ, ತಡವರಿಸುತ್ತ, ಪಾಠ ಒಪ್ಪಿಸುವ ಹಾಗೆ.

"ಅಮ್ಮಾರು ಮುಂಜಾನೆ ಹೋದ್ರು. ಮಣ್ಣು ಸಂಜೀಗಿ. ಕಲ್ಪಳ್ಳ್ಯಾಗ. ನಾ ಬರೂದು ಬ್ಯಾಡ." ಸ್ವಲ್ಪ ನಿಲ್ಲಿಸಿ ಕೇಳಿದ, "ಸರಿ ಐತೇನ್ರಿ ಅಣ್ಣಾ?"

ಸರಿ, ಇಡ್ತೀನಿ ಅಂತ ನಾನು ಹೇಳಬೇಕಿತ್ತು. ಇಬ್ಬರೂ ಫೋನು ಹಿಡಿದುಕೊಂಡು ಹಾಗೇ ಇದ್ದೆವು...

ಕಲ್ಪಳ್ಳಿಯ ಸ್ಮಶಾನಕ್ಕೆ ಬಂದವರು ಕಡಿಮೆ. ನನ್ನ ಫೋನು ಸಿಕ್ಕವರು ಬಂದರು. ಅಧ್ಯಕ್ಷರೂ ಬಂದಿದ್ದರು, ಒಂದು ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡರು. ಗುಂಪಲ್ಲಿ ನೋಡಲೇ ಇಲ್ಲ ಗುರು, ಗೊತ್ತಾಗಿದ್ರೆ ಬರ್ತಿರ್ಲಿಲ್ವಾ ಅಂತ ಆಮೇಲೆ ಎಷ್ಟೋ ಮಂದಿ ನನ್ನ ಹತ್ತಿರ ಹೇಳಿದರು. ಅವರ ಹೆಬ್ಬೆಟ್ಟುಗಳನ್ನು ನಾನು ನೋಡಿದ್ದೆ. 

ಅವರು ಬಿಟ್ಟ ಕೆಲಸವನ್ನು ನಾನು ಎತ್ತಿಕೊಂಡೆ ಅಂತ ಬರೆಯಲು ಆಸೆ. ಕೆಲವು ದಿನ ಮಾಡಿದೆ. ನನ್ನ ದನಿಗೆ ಜನ ನಿಲ್ಲುವುದಿಲ್ಲ. ಈಗ ಹೇಳಿ ಅಂದರೆ ನಗುತ್ತಾರೆ. ಮೊದಮೊದಲು ಸಿಡುಕಿ, ಆಮೇಲೆ ಬೇಸತ್ತು, ಕಡೆಗೆ ಬಿಟ್ಟೆ. ಈಗ ನಮ್ಮ ಸಂಘದಲ್ಲಿ ಯಾರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನುವುದು ಯಾರಿಗೂ ಗೊತ್ತಿಲ್ಲ. ಕಳೆದ ವಾರವೂ ಇನ್ನೊಂದು ಹೊಸ ಗ್ಯಾಸಿನ ಪಿ.ಡಿ.ಎಫ್. ಬಂದಿದೆ.

ಮೊನ್ನೆ ಆ ಅಡುಗೆಮನೆಯಲ್ಲಿ ಸ್ಟಿಕ್ಕರ್ ನೋಡಿದ ಮೇಲೆ ನಾನು ಎದ್ದು ಕಿಟಕಿ ತೆಗೆದೆ. ಬಾಲ್ಕನಿಯ ಬಾಗಿಲನ್ನೂ ತೆಗೆದೆ. ಪೈಪು ಹಾಕಿ ಗ್ಯಾಸನ್ನು ಹೊರಗೆ ಬಿಟ್ಟೆ. ಕಟರ್ ಕೈಗೆತ್ತಿಕೊಂಡಾಗ ಮನೆಯಾಕೆ ಬಾಗಿಲಲ್ಲಿ ಬಂದು ನಿಂತು, "ಯಾರ ಜೊತೆ ಮಾತಾಡ್ತಿದೀರಿ?" ಅಂತ ಕೇಳಿದರು. ಅಮ್ಮನ ಪಾಠವನ್ನು ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದೆ ಅಂತ ಆಗ ಗೊತ್ತಾಯಿತು. ಯಾರೂ ಇಲ್ಲಮ್ಮ ಅಂದೆ. ಅವರು ಒಳಗೆ ಹೋದರು.

ಕೊಳವೆ ಕತ್ತರಿಸಿದೆ. ಬೆಂಕಿ ಕೊನೆಗೆ ಅಂತ ಹೇಳಿ, ಟಾರ್ಚು ಹಿಡಿದುಕೊಂಡು ಒಂದು ಗಳಿಗೆ ಸುಮ್ಮನೆ ಕೂತೆ. ಸರಿಯಾಗಿ ಹೇಳಿದ್ದೆ, ಒಂದೂ ತಪ್ಪಿರಲಿಲ್ಲ. ಸರಿ ಅನ್ನುವವರು ಇರಲಿಲ್ಲ.